ಅರ್ಧ ಭೂಲ, ಪೂರ್ತಿ ಭೂಲ

ಮೊದಲು ಕೈಕೊಟ್ಟಿದ್ದು ಎಡಗಾಲಿನ ಚಪ್ಪಲಿ. ಮಹಾರಾಷ್ಟ್ರದ ಗಡಿಯಲ್ಲಿ, ನಾಗಣಸೂರಿನ ಆಚೆಗಿನ ಒಂದು ಹಳ್ಳಿಯಲ್ಲಿ, ಜಿಲ್ಲಾ ಪರಿಷದಿನ ಕನ್ನಡ ಶಾಲೆಯಲ್ಲಿ ನಾನು ಮಾಸ್ತರ. ಅಂದು ಪ್ರಾರ್ಥನೆ ಮುಗಿಸಿ ವರ್ಗದ ಕಡೆ ಹೊರಟಿದ್ದೆ. ಮೂರನೆಯ ವರ್ಗದ ಹುಡುಗಿಯೊಬ್ಬಳು ಹಿಂದಿನಿಂದ ಓಡಿಬಂದು, "ಸರ, ನಿಮ್ಮ ಚಪ್ಪಲ ಅಲ್ಲೇ ಉಳದೈತಿ" ಎಂದಳು. ತಿರುಗಿ ನೋಡಿದರೆ ಹೌದು, ಧ್ವಜದ ಕಟ್ಟೆಯ ಹತ್ತಿರ ಬಿದ್ದಿತ್ತು. ಅದು ಕಾಲಿನಿಂದ ಜಾರಿದ್ದೂ ನನಗೆ ಗೊತ್ತಾಗಿರಲಿಲ್ಲ, ಬರಿಗಾಲಲ್ಲಿ ಅಷ್ಟು ದೂರ ನಡೆದದ್ದೂ ಗೊತ್ತಾಗಿರಲಿಲ್ಲ. ಹುಡುಗಿಗೆ ಗದರಿದೆ. ಹೆದರಿಕೆಯಾದಾಗ ಯಾರಿಗಾದರೂ ಗದರುವುದು ನನ್ನ ಹಳೆಯ ಚಾಳಿ.

ನೋವು ಅದಕ್ಕೂ ಎಂಟು ತಿಂಗಳು ಮೊದಲೇ ಬಂದಿತ್ತು. ಸೊಂಟದಲ್ಲಿ ಹುಟ್ಟಿ, ತೊಡೆಯ ಹಿಂಬದಿಯಿಂದ ಇಳಿದು, ಹೆಬ್ಬೆರಳಿನ ತುದಿಗೆ ಹೋಗಿ ಉರಿಯುತ್ತಿತ್ತು. ಪಟ್ಟಾ ಕಟ್ಟಿದೆ, ಎಣ್ಣೆ ತಿಕ್ಕಿಸಿಕೊಂಡೆ, ವಾಗದರಿಯ ಕಡೆ ಎಲುಬು ಕೂಡಿಸುವವನೊಬ್ಬನ ಮುಂದೆ ಬೋರಲು ಬಿದ್ದು ಬೆನ್ನು ತುಳಿಸಿಕೊಂಡೆ. ಡಾಕ್ಟರರದೊಂದನ್ನು ಬಿಟ್ಟು ಊರಿನವರೆಲ್ಲರ ಮಾತು ಕೇಳಿದ್ದಾಯಿತು. ಚಪ್ಪಲಿ ಬಿದ್ದ ಮೇಲೆ ಹೆಂಡತಿ ನನ್ನನ್ನು ಕೇಳಲೇ ಇಲ್ಲ, ಅಕ್ಕಲಕೋಟದಿಂದ ಸೋಲಾಪುರದ ಎಸ್‌ಟಿ ಬಸ್ಸು ಹತ್ತಿಸಿದಳು. ಅವ್ವನೂ ಬಂದಳು.

ಸೋಲಾಪುರದಲ್ಲಿ ಎಂಆರ್‌ಐ ಮಾಡಿಸಲು ಹೇಳಿದರು. ಆ ಯಂತ್ರದ ಕೊಳವೆಯೊಳಗೆ ನನ್ನನ್ನು ತಳ್ಳಿದಾಗ ಮೂಗಿನ ತುದಿಗೂ ಅದರ ಮಾಳಿಗೆಗೂ ನಡುವೆ ಒಂದು ಗೇಣೂ ಇರಲಿಲ್ಲ. ಮೂರು ನಿಮಿಷ ಸಹಿಸಿರಬಹುದು. ಆಮೇಲೆ ಕೈಯಲ್ಲಿ ಕೊಟ್ಟಿದ್ದ ರಬ್ಬರಿನ ಚೆಂಡನ್ನು ಹಿಚುಕಿದ್ದು ನೆನಪಿದೆ, ಕೂಗಿದ್ದು ನೆನಪಿಲ್ಲ. ಕೂಗಿದ್ದೆನಂತೆ. ಹೊರಗೆಳೆದಾಗ ಅಂಗಿ ಬೆವರಿನಲ್ಲಿ ತೋಯ್ದಿತ್ತು, ಅವ್ವ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು. ಎರಡನೆಯ ಸಲ ಮಂಪರಿನ ಔಷಧ ಕೊಟ್ಟು ಒಳಗೆ ಹಾಕಿದರು. ಇದಕ್ಕೆ ನನ್ನ ಬಾಲ್ಯದಲ್ಲಿ ಕಾರಣ ಹುಡುಕಬೇಡಿ, ನಾನೇ ಹುಡುಕಿದ್ದೇನೆ, ಸಿಕ್ಕಿಲ್ಲ. ಅಲುಗಾಡಲಾಗದ ಕಡೆ ನನ್ನನ್ನು ಇಟ್ಟರೆ ನಾನು ಮನುಷ್ಯನಾಗಿ ಉಳಿಯುವುದಿಲ್ಲ, ಅಷ್ಟೇ.

ಚಿತ್ರ ನೋಡಿದ ಸರ್ಜನ್, ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಕೆಗಳ, ಅಂದರೆ ಬೆನ್ನೆಲುಬಿನ ಮಣಿಗಳ, ನಡುವಿನ ಗಾದಿ ಹೊರಗೆ ಸರಿದು ನರವನ್ನು ಒತ್ತಿ ಹಿಡಿದಿದೆ ಎಂದರು. ತಡಮಾಡಿದರೆ ಪಾದ ಎತ್ತುವ ಶಕ್ತಿ ಮರಳಿ ಬರದೇ ಹೋಗಬಹುದು. ಹತ್ತು ದಿನದೊಳಗೆ ಆಪರೇಷನ್ ಎಂದು ಗೊತ್ತುಮಾಡಿ, ಭೂಲ ಕೊಡುವ ಡಾಕ್ಟರರನ್ನು ಕಂಡು ಹೋಗಿ ಎಂದು ಕಳಿಸಿದರು. ನಮ್ಮ ಕಡೆ ಅರಿವಳಿಕೆಗೆ ಭೂಲ ಎನ್ನುತ್ತಾರೆ. ಮರಾಠಿಯಿಂದ ಬಂದ ಮಾತು, ಈಗ ನಮ್ಮದೇ.

ಭೂಲದ ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು, ಮೂಗಿನ ಮೇಲೆ ಜಾರಿದ ಕನ್ನಡಕ, ಅವಸರವಿಲ್ಲದ ಮಾತು. ಅವರು ಮಾತಾಡಿದ್ದು ಮರಾಠಿಯಲ್ಲಿ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಗುರುಜಿ, ನಿಮಗೆ ಎರಡೂ ನಡೆಯುತ್ತವೆ. ಒಂದು ಅರ್ಧ ಭೂಲ. ಬೆನ್ನಿನಲ್ಲಿ ಸೂಜಿ ಕೊಡುತ್ತೇನೆ, ಸೊಂಟದಿಂದ ಕೆಳಗೆ ಮೂರು ತಾಸು ಏನೂ ತಿಳಿಯುವುದಿಲ್ಲ. ನೀವು ಎಚ್ಚರ ಇರುತ್ತೀರಿ, ಉಸಿರು ನಿಮ್ಮದೇ. ಆಮೇಲೆ ವಾಂತಿ ಕಡಿಮೆ, ಮೊದಲ ಕೆಲವು ತಾಸು ನೋವೂ ಕಡಿಮೆ. ಬಿಪಿ ಇಳಿಯಬಹುದು, ನಾನು ನೋಡಿಕೊಳ್ಳುತ್ತೇನೆ. ಒಬ್ಬಿಬ್ಬರಿಗೆ ತಲೆನೋವು ಬರುತ್ತದೆ, ಕೆಲವರಿಗೆ ಮೂತ್ರ ಕಟ್ಟುತ್ತದೆ. ಇನ್ನೊಂದು ಪೂರ್ತಿ ಭೂಲ. ನಿದ್ದೆ ಬರಿಸಿ, ಗಂಟಲಲ್ಲಿ ನಳಿಕೆ ಹಾಕಿ, ಯಂತ್ರದಿಂದ ಉಸಿರು. ಆಪರೇಷನ್ ಎಷ್ಟು ಹೊತ್ತು ಹಿಡಿದರೂ ಚಿಂತೆಯಿಲ್ಲ, ನಿಮಗೆ ಏನೂ ಗೊತ್ತಾಗುವುದಿಲ್ಲ. ಎದ್ದ ಮೇಲೆ ಗಂಟಲು ಕೆರೆಯುತ್ತದೆ, ವಾಕರಿಕೆ, ಸ್ವಲ್ಪ ಮಂಕು."

"ಅರ್ಧದಾಗ ಹೆಂಗ ಮಲಗಬೇಕ್ರಿ?" ಎಂದು ಕೇಳಿದೆ. ಗಾಬರಿಯಲ್ಲಿ ನನ್ನ ಮರಾಠಿ ಓಡಿಹೋಗಿತ್ತು. ಅವರಿಗೆ ಅರ್ಥವಾಯಿತು.

"ಬೋರಲಾಗಿ. ಒಂದು, ಒಂದೂವರೆ ತಾಸು. ಕಾಲು ಎತ್ತಲು ಆಗುವುದಿಲ್ಲ, ಅಲುಗಾಡಬಾರದು."

ನಾನು ಆ ಕ್ಷಣವೇ ತೀರ್ಮಾನ ಮಾಡಿದೆ. ಪೂರ್ತಿ. ನಳಿಕೆ ಹಾಕಲಿ, ಗಂಟಲು ಹರಿಯಲಿ, ಎರಡು ದಿನ ವಾಂತಿಯಾಗಲಿ, ನನ್ನನ್ನು ಆ ಒಂದೂವರೆ ತಾಸಿನಿಂದ ಹೊರಗೆ ಇಟ್ಟರೆ ಸಾಕು. ಬಾಯಿ ತೆರೆದು ಹೇಳುವವನಿದ್ದೆ, ಅಷ್ಟರಲ್ಲಿ ಹೆಂಡತಿ ತನಗೆ ಬರುವ ಮರಾಠಿಯಲ್ಲಿ, "ಮ್ಯಾಡಮ್, ಇವರ ಮೈಯಲ್ಲಿ ದೇವರು ಬರುತ್ತಾನೆ. ಅದಕ್ಕೆ ಏನಾದರೂ ತೊಂದರೆ ಆಗುತ್ತದೆಯೇ?" ಎಂದುಬಿಟ್ಟಳು.

ಡಾಕ್ಟರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಪೆನ್ನು ಕೈಗೆತ್ತಿಕೊಂಡು ಗಂಭೀರವಾಗಿ ಕೇಳತೊಡಗಿದರು. "ಆಗ ಕೈಕಾಲು ಸೆಟೆಯುತ್ತವೆಯೇ? ನಾಲಿಗೆ ಕಚ್ಚಿಕೊಂಡಿದ್ದೀರಾ? ಕಣ್ಣು ಮೇಲೆ ಹೋಗುತ್ತವೆಯೇ? ಅಷ್ಟು ಹೊತ್ತು ಏನಾಯಿತೆಂದು ಆಮೇಲೆ ನೆನಪು ಇರುತ್ತದೆಯೇ? ಫಿಟ್ಸ್ ಇದ್ದರೆ ನನಗೆ ಗೊತ್ತಿರಬೇಕು, ಔಷಧ ಬದಲಾಗುತ್ತದೆ."

ಇಷ್ಟು ನೇರವಾಗಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನೆನಪಿರುವುದಿಲ್ಲ ಎಂದರೆ ತಲೆಯ ಪರೀಕ್ಷೆಗೆ ಕಳಿಸುತ್ತಾರೆ, ಇನ್ನೊಂದು ಯಂತ್ರ. ನೆನಪಿರುತ್ತದೆ ಎಂದರೆ ಪಕ್ಕದಲ್ಲಿ ಹೆಂಡತಿ ಕೂತಿದ್ದಾಳೆ. ಮದುವೆಯಾದಾಗಿನಿಂದ ಪ್ರತಿ ಅಮಾವಾಸ್ಯೆಗೆ ಉಪವಾಸವಿದ್ದು ನನ್ನ ಕಾಲು ತೊಳೆಯುವ ಹೆಂಗಸು.

"ಸ್ವಲ್ಪ ಸ್ವಲ್ಪ" ಎಂದೆ.

ಡಾಕ್ಟರು ಕನ್ನಡಕದ ಮೇಲಿನಿಂದ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಏನೋ ಚಿಕ್ಕದಾಗಿ ಬರೆದು, "ದಾಖಲಾಗುವ ದಿನ ಯಾವುದು ಬೇಕೆಂದು ಹೇಳಿ. ಮನೆಯವರ ಜೊತೆ ಮಾತಾಡಿ" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳಿದ್ದರು.

ಈಗ ಇದನ್ನು ಹೇಳಿಬಿಡುತ್ತೇನೆ. ನಮ್ಮದು ಕುರಿ ಮತ್ತು ಹೊಲದ ಮನೆತನ, ಊರ ಹೊರಗಿನ ಬೀರೋಬಾನ ಪೂಜೆ ನಮ್ಮದು. ಅಮಾವಾಸ್ಯೆಯ ದಿನ ಕರಿಯ ಕಂಬಳಿ ಹಾಸಿ ಪೂಜಾರಿ ಕೂರುತ್ತಾನೆ, ಡೊಳ್ಳು ಬಾರಿಸುತ್ತಾರೆ, ಅವನ ಮೈಯಲ್ಲಿ ದೇವರು ಬಂದು ಕೇಳಿದವರಿಗೆ ಹೇಳಿಕೆ ಕೊಡುತ್ತಾನೆ. ಅಪ್ಪ ಮೂವತ್ತು ವರ್ಷ ಕೂತ. ಅವನು ತೀರಿಕೊಂಡ ಮೇಲಿನ ಅಮಾವಾಸ್ಯೆಗೆ ಕಾಕಾ, ಅಂದರೆ ಅಪ್ಪನ ತಮ್ಮ, ನನ್ನ ಹಣೆಗೆ ಭಂಡಾರದ ಅರಿಶಿನ ಬಳಿದು ಕಂಬಳಿಯ ಮೇಲೆ ಕೂರಿಸಿದ. ಡೊಳ್ಳು ಬಡಿದಂತೆ ಮೈ ನಡುಗಿದ್ದು ನಿಜ. ಆದರೆ ನನಗೆ ಎಲ್ಲ ಕೇಳಿಸುತ್ತಿತ್ತು. ದೇವರು ಬರಲಿ ಎಂದು ಕಾಯ್ದೆ. ಮಂದಿ ನನ್ನನ್ನೇ ನೋಡುತ್ತ ಕೂತಿತ್ತು. ಒಬ್ಬ ಮುದುಕಿ ಮುಂದೆ ಬಂದು, ಮಗಳು ತವರಿಗೆ ಬಂದು ಆರು ತಿಂಗಳಾಯಿತು, ಕಳಿಸಲೋ ಬೇಡವೋ ಎಂದು ಕೈಮುಗಿದಳು. ಆ ಮಗಳಿಗೆ ಗಂಡ ಹೊಡೆಯುವುದು ಊರಿಗೆಲ್ಲ ಗೊತ್ತಿತ್ತು. ನಾನು ಅಪ್ಪನ ಧ್ವನಿಯಲ್ಲಿ, ಕಳಿಸಬೇಡ ಎಂದೆ. ಮುದುಕಿ ಅತ್ತಳು. ಹಾಗೆ ಶುರುವಾಗಿ ಹದಿನಾಲ್ಕು ವರ್ಷವಾಯಿತು.

ಬೇರೆಯವರ ಮೈಯಲ್ಲಿ ನಿಜವಾಗಿ ಬರುತ್ತದೋ ಇಲ್ಲವೋ ನಾನು ಹೇಳಲಾರೆ. ನನ್ನಲ್ಲಿ ಬರಲಿಲ್ಲ. ನಾನು ಸದಾ ಎಚ್ಚರವಿದ್ದೆ. ಹೇಳಿದ್ದೆಲ್ಲ ಮಾಸ್ತರನ ಬುದ್ಧಿವಾದವೇ. ಕೂಸನ್ನು ಅಕ್ಕಲಕೋಟದ ದವಾಖಾನೆಗೆ ಒಯ್ಯಿ, ತಮ್ಮನ ಜೊತೆ ಮಾತು ಬಿಡಬೇಡ, ಹುಡುಗಿಯನ್ನು ಶಾಲೆ ಬಿಡಿಸಬೇಡ. ಮಾಸ್ತರ ಹೇಳಿದರೆ ಹೂಂ ಎಂದು ಮರೆಯುವ ಮಂದಿ ಕಂಬಳಿಯ ಮೇಲಿನಿಂದ ಹೇಳಿದರೆ ಮರುದಿನವೇ ಮಾಡುತ್ತಿದ್ದರು. ನನ್ನ ಸ್ವಂತಕ್ಕೆ ಒಂದು ಮಾತನ್ನೂ ಆ ಬಾಯಿಂದ ಆಡಿಲ್ಲ ಎಂಬುದೊಂದೇ ನನ್ನ ಸಮಾಧಾನವಾಗಿತ್ತು. ಆ ಸಮಾಧಾನದ ಮೇಲೆ ನಾನು ಆರಾಮಾಗಿ ಉಂಡು ಮಲಗುತ್ತಿದ್ದೆ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಕಾಕಾ ಬಂದ, ಜೊತೆಗೆ ಇಬ್ಬರು ಹಿರಿಯರು. ಹೆಂಡತಿ ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದ್ದಳು.

"ಪೂರಾ ಭೂಲ ಅಂದ್ರ ಅರಿವು ಪೂರಾ ತಗೀತಾರ ಹೌದಲ್ಲೋ?" ಕಾಕಾ ಗೋಡೆಗೆ ಒರಗಿ ಕೇಳಿದ.

"ಹೌದು ಕಾಕಾ. ತಾಸೆರಡು ತಾಸು. ಆಮ್ಯಾಲ ಎಬ್ಬಸ್ತಾರ."

"ಅದು ಹೆಂಗ ಆಕೈತಿ? ದೇವ್ರು ಕೂಡೂ ಮೈ ಅದು. ಮನ್ಯಾಗ ಯಾರೂ ಇಲ್ಲದಂಗ ಮಾಡಿ ಬಾಗಿಲಾ ತಗದ ಇಟ್ರ ಯಾವುದರ ಬಂದ ಕೂಡತೈತಿ. ಮತ್ತ ಬೀರೋಬಾ ಆ ಮನಿಗಿ ಬರತಾನೇನು? ಅರ್ಧಾ ಕೊಡ್ಲಿ. ಎಚ್ಚರ ಇರ್ಲಿ."

"ನನಗ ಬೋರಲ ಮಲಗಾಕ ಆಗಂಗಿಲ್ಲ ಕಾಕಾ. ಉಸಿರ ಕಟ್ಟತೈತಿ."

"ಅಂಜಿಕಿ ಏನೋ ನಿನಗ? ನಿನ್ನ ಮೈಯಾಗ ದೇವ್ರು ಆಡತಾನ. ನೀ ಅಂಜಿದ್ರ ಮಂದಿ ಏನಂದಾರು?"

ಹಿರಿಯರಿಬ್ಬರೂ ತಲೆಯಾಡಿಸಿದರು. ಇದಕ್ಕೆ ನನ್ನಲ್ಲಿ ಉತ್ತರವಿತ್ತು, ಒಂದೇ ಉತ್ತರ. ಅಲ್ಲಿ ಯಾರೂ ಕೂತಿಲ್ಲ ಕಾಕಾ, ಎಂದೂ ಕೂತಿಲ್ಲ, ಬಾಗಿಲು ತೆರೆದಿಟ್ಟರೂ ಏನೂ ಹೋಗುವುದಿಲ್ಲ. ಅದನ್ನು ಹೇಳಿದರೆ ಬೆನ್ನು ಉಳಿಯುತ್ತಿತ್ತು, ಮನೆ ಉಳಿಯುತ್ತಿರಲಿಲ್ಲ. ಸಿಟ್ಟು ಕಾಕಾನ ಮೇಲೆ ಬಂತು, ಹೆಂಡತಿಯ ಮೇಲೆ ಬಂತು, ಆ ಡಾಕ್ಟರ ಮೇಲೂ ಬಂತು.

ಅಷ್ಟು ಹೊತ್ತು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ತೊಳೆದುಕೊಂಡು ಬಾಗಿಲಲ್ಲಿ ನಿಂತಳು.

"ನೀವ್ಯಾಕ ಜಗಳಾಡ್ತೀರಿ? ಮೈ ಯಾರದೋ ಅಂವನ್ನ ಕೇಳ್ರಿ. ಬರೂ ಆದಿತ್ಯವಾರ ಕಂಬಳಿ ಹಾಸ್ರಿ. ದೇವ್ರು ಹೆಂಗ ಹೇಳತಾನ ಹಂಗ."

ಕಾಕಾ ತಕ್ಷಣ ಒಪ್ಪಿದ. ನನಗೆ ಅವ್ವನ ಮೇಲೆ ಬಂದಂಥ ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ. ನೆಟ್ಟಗೆ ಕೂತು ಒಂದು ರೊಟ್ಟಿ ತಿನ್ನಲಾರದ ಮಗನನ್ನು ಕಂಬಳಿಯ ಮೇಲೆ ಕೂರಿಸಿ ನಡುಗಿಸುತ್ತಾಳಲ್ಲ ಇವಳು! ಅವರು ಹೋದ ಮೇಲೆ, "ನಿನಗರ ಕರುಣಾ ಬ್ಯಾಡೇನು?" ಎಂದು ಕೂಗಾಡಿದೆ. ಅವ್ವ ನನ್ನ ಮುಖ ನೋಡಿ, "ರೊಟ್ಟಿ ಆರತೈತಿ, ಉಣ್ಣು" ಎಂದು ಒಳಗೆ ಹೋದಳು.

ಸಿಟ್ಟು ಇಳಿದ ಮೇಲೆ ಹೊಳೆಯಿತು. ಕೇಳುವುದು ದೇವರನ್ನು, ಹೇಳುವ ಬಾಯಿ ನನ್ನದು. ಇಷ್ಟು ಸುಲಭದ ಲೆಕ್ಕ ತಿಳಿಯಲು ನನಗೆ ಅರ್ಧ ದಿನ ಹಿಡಿಯಿತು! ಆದಿತ್ಯವಾರದವರೆಗೆ ಆ ಮಾತನ್ನು ಬಚ್ಚಲಲ್ಲಿ ನಿಂತು ತಿದ್ದಿದೆ. "ನನ್ನ ಕೂಸನ್ನ ನನ್ನ ಉಡಿಯಾಗ ಮಲಗಸ್ರಿ. ಪೂರಾ ಮಲಗಸ್ರಿ. ನಾ ಕಾಯತೀನಿ." ಚೆನ್ನಾಗಿತ್ತು. ಕಾಕಾ ಇದಕ್ಕೆ ಎದುರಾಡಲಾರ. ಆ ನಾಲ್ಕು ದಿನ ನಾನು ನೋವಿನಲ್ಲೂ ಶಿಳ್ಳೆ ಹಾಕುತ್ತಿದ್ದೆ ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ.

ಆದಿತ್ಯವಾರ ಬೆಳಿಗ್ಗೆ ಎಂಟಕ್ಕೆಲ್ಲ ಗುಡಿಯ ಮುಂದೆ ಹದಿನೈದು ಇಪ್ಪತ್ತು ಮಂದಿ ಕೂಡಿದ್ದರು. ಇಬ್ಬರು ನನ್ನ ರಟ್ಟೆ ಹಿಡಿದು ಕಂಬಳಿಯ ಮೇಲೆ ಕೂರಿಸಿದರು. ಅವ್ವ ಹಣೆಗೆ ಭಂಡಾರ ಹಚ್ಚಿದಳು. ಡೊಳ್ಳು ಶುರುವಾಯಿತು. ಆ ಸಲ ನಡುಗಲು ಕಷ್ಟಪಡಬೇಕಾಗಲಿಲ್ಲ, ಒಮ್ಮೆ ಮೈ ಕುಲುಕಿದ್ದೇ ಸೊಂಟದಿಂದ ಹೆಬ್ಬೆರಳಿನ ತನಕ ಬೆಂಕಿ ಹರಿದು ನಾನು ಚೀರಿದೆ. ಮಂದಿ "ಬೀರೋಬಾ!" ಎಂದು ಕೈಮುಗಿದರು. ನನ್ನ ನೋವಿಗೆ ಕೈಮುಗಿಯುತ್ತಿದ್ದಾರೆ ಎನಿಸಿ ಅಳು ಬಂತು.

ಕಾಕಾ ಮುಂದೆ ಬಂದು ಕೂತ. "ಯಪ್ಪಾ, ನಿನ್ನ ಕೂಸಿನ ಬೆನ್ನ ಕೊಯ್ಯತಾರಂತ. ಅರಿವು ಇಟ್ಟ ಕೊಯ್ಯಬೇಕೋ, ಅರಿವು ತಗದ ಕೊಯ್ಯಬೇಕೋ? ನೀ ಹೇಳು."

ಬಾಯಿ ತೆರೆದೆ. ಮಾತು ನಾಲಿಗೆಯ ತುದಿಯಲ್ಲಿತ್ತು. ಆಗ ಕಾಕಾನ ಹೆಗಲ ಹಿಂದೆ ಒಬ್ಬ ಕಣ್ಣಿಗೆ ಬಿದ್ದ. ಎರಡು ವರ್ಷದ ಹಿಂದೆ ಅಣ್ಣನ ಜೊತೆ ಬದುವಿನ ಜಗಳ ತಂದವನು. ಕೋರ್ಟಿಗೆ ಹೋಗಬೇಡ, ಎರಡು ಸಾಲು ಬಿಟ್ಟುಕೊಡು ಎಂದು ಇದೇ ಕಂಬಳಿಯ ಮೇಲಿನಿಂದ ಹೇಳಿದ್ದೆ. ಅವನ ಮುಖ ಬಾಡಿತ್ತು, ಆದರೂ ಮರುದಿನ ಹೋಗಿ ಬಿಟ್ಟುಕೊಟ್ಟಿದ್ದ. ಆ ಎರಡು ಸಾಲಿನಲ್ಲಿ ಈಗ ಅಣ್ಣನ ತೊಗರಿ ಬೆಳೆಯುತ್ತದೆ. ಅವನು ಹಲ್ಲು ಕಚ್ಚಿ ನುಂಗಿದ ಮಾತು ಅದು. ಇವತ್ತು ಅದೇ ಬಾಯಿಂದ ನಾನು ನನ್ನ ಅಂಜಿಕೆಗೆ ಬೇಕಾದದ್ದನ್ನು ಹೇಳಿಕೊಂಡರೆ, ಅವನಿಗೆ ಹೇಳಿದ್ದೂ ಸುಳ್ಳಾಗುತ್ತದೆ, ಆ ಮುದುಕಿಗೆ ಹೇಳಿದ್ದೂ ಸುಳ್ಳಾಗುತ್ತದೆ. ಯಾರಿಗೂ ತಿಳಿಯುವುದಿಲ್ಲ, ನನಗೆ ತಿಳಿಯುತ್ತದೆ.

"ಅರಿವು ಇಡ್ರಿ" ಎಂದೆ. "ಅರ್ಧಾ ಸಾಕು."

ಮಾತು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇರಲಿಲ್ಲ, ದೇವರು ಎರಡು ಸಲ ಹೇಳುವುದಿಲ್ಲ. ಕಾಕಾ ಗೆದ್ದವನಂತೆ ಎದ್ದು ನಿಂತ. ಅವ್ವ ಭಂಡಾರದ ಬಟ್ಟಲನ್ನು ಕಲ್ಲಿನ ಮೇಲೆ ಕುಕ್ಕಿ ಮನೆಯ ಕಡೆ ನಡೆದುಬಿಟ್ಟಳು. ಮಗನನ್ನು ಎಚ್ಚರವಿಟ್ಟು ಕೊಯ್ಯುತ್ತಾರೆಂದು ಸಂಕಟವಾಯಿತೇನೋ ಎಂದುಕೊಂಡೆ.

ದಾಖಲಾದ ದಿನ ಭೂಲದ ಡಾಕ್ಟರು ಕಾಗದ ಹಿಡಿದು ಬಂದರು. "ಏನು ನಿರ್ಧಾರ ಮಾಡಿದಿರಿ ಗುರುಜಿ?" ಮಂಚದ ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಕಾಕಾ.

"ಅರ್ಧ" ಎಂದೆ.

"ನಿಮ್ಮ ನಿರ್ಧಾರವೇ? ಎಂಆರ್‌ಐ ವೇಳೆ ನಿಮಗೆ ತೊಂದರೆ ಆಗಿತ್ತೆಂದು ಇಲ್ಲಿ ಬರೆದಿದ್ದಾರೆ."

ಪೆನ್ನು ಕಾಗದಕ್ಕೆ ತಾಗಿಸದೆ ಅವರು ಕಾಯ್ದರು. ಕಾಕಾ ಕೆಮ್ಮಿದ. ನನ್ನದೇ ಎಂದು ಹೇಳಿ ಸಹಿ ಮಾಡಿದೆ. ಮಕ್ಕಳಿಗೆ ದುಂಡಗೆ ಬರೆಯಿರಿ ಎಂದು ಬೈಯುವ ನಾನು ಅಂದು ಗೀಚಿದ್ದನ್ನು ನೋಡಿದರೆ ನನಗೇ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಆಪರೇಷನ್ ಕೋಣೆಯಲ್ಲಿ ನನ್ನನ್ನು ಮೇಜಿನ ಅಂಚಿಗೆ ಕೂರಿಸಿ, ದಿಂಬನ್ನು ತಬ್ಬಿಕೊಂಡು ಬೆನ್ನು ಬಗ್ಗಿಸಲು ಹೇಳಿದರು. ತಣ್ಣನೆಯ ದ್ರವ ಒರೆಸಿದ್ದು, ಸಣ್ಣದೊಂದು ಚುಚ್ಚು, ಆಮೇಲೆ ಒಳಗೆಲ್ಲೋ ಒತ್ತಿದಂತೆ. ಇಷ್ಟೇ. ಅದು ಹೆದರುವಂಥದ್ದಲ್ಲವೇ ಅಲ್ಲ. ಪೃಷ್ಠ ಬೆಚ್ಚಗಾಯಿತು, ತೊಡೆ ಬೆಚ್ಚಗಾದವು, ಎಂಟು ತಿಂಗಳು ಉರಿದ ಹೆಬ್ಬೆರಳು ತಣ್ಣಗೆ ಮಾಯವಾಯಿತು. ಎಷ್ಟು ಸುಖವಾಯಿತೆಂದರೆ ನಾನು ಡಾಕ್ಟರಿಗೆ ಕೈಮುಗಿದೆ. ಕಾಲು ಎತ್ತಿ ನೋಡೋಣ ಎಂದರು. ಎತ್ತಿದೆನೆಂದುಕೊಂಡೆ. ಕಾಲು ಅಲ್ಲೇ ಇತ್ತು.

ನಾಲ್ಕು ಜನ ಸೇರಿ ನನ್ನನ್ನು ಬೋರಲು ಮಾಡಿದರು. ಎದೆಯ ಕೆಳಗೆ, ಸೊಂಟದ ಕೆಳಗೆ ದಿಂಬು, ಕೈಗಳು ತಲೆಯ ಆಚೀಚೆ ಮುಂದಕ್ಕೆ, ಮುಖ ಒಂದು ಪಕ್ಕಕ್ಕೆ. ಹಸಿರು ಬಟ್ಟೆ ಬೆನ್ನಿನ ಮೇಲೆ ಬಂತು, ತಲೆಯ ಹಿಂದೆ ಒಂದು ಪರದೆಯಾಯಿತು. ನನ್ನ ಪಾಲಿಗೆ ಉಳಿದದ್ದು ಮೊಳದಷ್ಟು ಜಾಗ, ಅದರಲ್ಲಿ ಒಂದು ಸ್ಟ್ಯಾಂಡಿನ ಕಾಲು ಮತ್ತು ಡಾಕ್ಟರ ಚಪ್ಪಲಿ. ಹಿಂದೆ ಸರ್ಜನ್ ಯಾರಿಗೋ ಏನೋ ಹೇಳುತ್ತಿದ್ದರು. ಸುಟ್ಟ ವಾಸನೆ ಬಂತು. ಅದು ನನ್ನದೇ ವಾಸನೆ ಎಂದು ತಿಳಿಯಲು ತುಸು ಹೊತ್ತು ಬೇಕಾಯಿತು. ನೋವು ಎಳ್ಳಷ್ಟೂ ಇರಲಿಲ್ಲ. ಯಾರೋ ಪಕ್ಕದ ಕೋಣೆಯಲ್ಲಿ ಬಡಗಿ ಕೆಲಸ ಮಾಡುತ್ತಿದ್ದಾರೆ, ಆ ಕಟ್ಟಿಗೆ ಮಾತ್ರ ನನ್ನ ಬೆನ್ನು.

ಆಮೇಲೆ ಅದು ಬಂತು. ನಾನು ಏಳಲಾರೆ. ಬೇಕೆಂದರೂ ಏಳಲಾರೆ. ಬಾಗಿಲು ಎಲ್ಲಿದೆ ಗೊತ್ತಿಲ್ಲ, ಗೊತ್ತಿದ್ದರೂ ಹೋಗಲು ಕಾಲಿಲ್ಲ. ಎದೆ ಕೆಳಗಿನ ದಿಂಬನ್ನು ಬಡಿಯತೊಡಗಿತು. ಕೈ ಕಿತ್ತುಕೊಳ್ಳಲು ನೋಡಿದೆ.

"ಅಲುಗಾಡಬೇಡಿ!" ಎಂದು ಮರೆಯ ಆಚೆಯಿಂದ ಸರ್ಜನ್ ಜೋರಾಗಿ ಹೇಳಿದರು. ಭೂಲದ ಡಾಕ್ಟರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ತಮ್ಮ ಮುಖವನ್ನು ನನ್ನ ಮೊಳದಷ್ಟು ಜಾಗಕ್ಕೆ ತಂದರು.

"ಮ್ಯಾಡಮ್, ಪೂರ್ತಿ ಕೊಡ್ರಿ. ಕಾಲಿಗಿ ಬೀಳತೀನಿ, ಪೂರ್ತಿ ಕೊಡ್ರಿ."

"ಗುರುಜಿ, ಈಗ ನೀವು ಬೋರಲು ಇದ್ದೀರಿ, ಬೆನ್ನು ತೆರೆದಿದೆ. ನಳಿಕೆ ಹಾಕುವುದು ಈಗ ಸುಲಭವಲ್ಲ, ನಿಮ್ಮನ್ನು ತಿರುಗಿಸಬೇಕಾಗುತ್ತದೆ. ಅನಿವಾರ್ಯವಾದರೆ ಮಾಡುತ್ತೇನೆ, ಆದರೆ ಅದರಲ್ಲಿ ಅಪಾಯವಿದೆ. ಸಣ್ಣದೊಂದು ಮಂಪರು ಕೊಡುತ್ತಿದ್ದೇನೆ. ನನ್ನ ಬೆರಳು ಹಿಡಿಯಿರಿ. ಮಕ್ಕಳಿಗೆ ಏನು ಕಲಿಸುತ್ತೀರಿ?"

"ಮಗ್ಗಿ."

"ಹದಿನೇಳರ ಮಗ್ಗಿ ಹೇಳಿ."

ಹೇಳಿದೆ. ನಾನು ಕನ್ನಡದಲ್ಲಿ, ಅವರು ಮರಾಠಿಯಲ್ಲಿ. ಹದಿನೇಳು ಎಂಟಕ್ಕೆ ಅವರು ತಪ್ಪಿದರು. ಆ ಸ್ಥಿತಿಯಲ್ಲೂ ನನಗೆ ಸಿಟ್ಟು ಬಂದು, "ನೂರಾ ಮೂವತ್ತಾರು!" ಎಂದು ಗದರಿದೆ. ಪರದೆಯ ಆಚೆ ಯಾರೋ ನಕ್ಕರು. ಮಂಪರು ಬಂತು, ನಿದ್ದೆ ಬರಲಿಲ್ಲ. ಅಂಜಿಕೆ ಹೋಗಲಿಲ್ಲ, ಸ್ವಲ್ಪ ದೂರ ಸರಿದು ನಿಂತಿತು. ಹದಿನೆಂಟು, ಹತ್ತೊಂಬತ್ತು, ಮತ್ತೆ ಹದಿನೇಳು. ಅವರ ಬೆರಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಬಿಟ್ಟ ಮೇಲೆ ಅವರು ಕೈ ಜಾಡಿಸಿಕೊಂಡರು. ಒಂದು ತಾಸು ಹತ್ತು ನಿಮಿಷವಾಗಿತ್ತಂತೆ. ನನಗೆ ಕೇಳಿದರೆ ನಾನು ಬೇರೆ ಲೆಕ್ಕ ಕೊಡುತ್ತೇನೆ.

ವಾರ್ಡಿಗೆ ತಂದು ಅಂಗಾತ ಮಲಗಿಸಿದಾಗ ಕಾಕಾ ಬಾಗಿಲಲ್ಲೇ ಇದ್ದ. ಸರ್ಜನ್ ಬಂದು, ನರ ಬಿಡುಗಡೆಯಾಗಿದೆ, ಪಾದದ ಬಲ ನಿಧಾನವಾಗಿ ಬರಬಹುದು, ಕಾಯಬೇಕು ಎಂದು ಹೇಳಿ ಹೋದರು. ಊರಿನಿಂದ ನಾಲ್ವರು ಬಂದಿದ್ದರು, ಬದುವಿನ ಜಗಳದವನೂ ಇದ್ದ. ಕಾಕಾ ಅವರಿಗೆ, ದೇವರು ಹೇಳಿದಂತೆ ಎಚ್ಚರವಿಟ್ಟೇ ಕೊಯ್ದರು, ಇವನು ಹೂಂ ಹಾಂ ಎನ್ನಲಿಲ್ಲ, ಈ ಅಮಾವಾಸ್ಯೆಗೆ ಗುಡಿಯ ಮುಂದೆ ಮಂದಿ ಹಿಡಿಸುವುದಿಲ್ಲ ನೋಡಿರಿ, ಎಂದು ಪಕ್ಕದ ಮಂಚಗಳಿಗೂ ಕೇಳುವಂತೆ ಹೇಳುತ್ತಿದ್ದ. ಮುಂದಿನ ಅಮಾವಾಸ್ಯೆ, ಅದರ ಮುಂದಿನದು, ನಾನು ಸಾಯುವ ತನಕ ಬರುವ ಅಮಾವಾಸ್ಯೆಗಳೆಲ್ಲ ನನ್ನ ಎದೆಯ ಮೇಲೆ ಬಂದು ಕೂತವು. ಆಮೇಲೆ ಅವರೆಲ್ಲ ಚಹಾ ಕುಡಿಯಲು ಕೆಳಗೆ ಹೋದರು, ಹೆಂಡತಿ ಔಷಧದ ಚೀಟಿ ಹಿಡಿದು ಹೋದಳು. ಅವ್ವ ಮಾತ್ರ ಉಳಿದಳು.

ಅವಳು ಸ್ಟೂಲನ್ನು ನನ್ನ ತಲೆಯ ಹತ್ತಿರ ಎಳೆದುಕೊಂಡಳು.

"ಯಾಕ ಹಂಗ ಹೇಳಿದಿ ಅವತ್ತ?"

"ನಾ ಎಲ್ಲಿ ಹೇಳೇನವ್ವಾ? ದೇವ್ರು..."

"ಇಲ್ಲಿ ಯಾರೂ ಇಲ್ಲ" ಎಂದಳು ಅವ್ವ.

ಎದ್ದು ಹೊರಗೆ ಹೋಗಬೇಕೆನಿಸಿತು, ಸೊಂಟದ ಕೆಳಗೆ ಇನ್ನೂ ಏನೂ ಇರಲಿಲ್ಲ.

"ಮೂವತ್ತ ವರ್ಷ ನಿಮ್ಮಪ್ಪಗ ಭಂಡಾರ ಹಚ್ಚೇನಿ, ಹದಿನಾಕ ವರ್ಷ ನಿನಗ. ಹಣಿ ಮುಟ್ಟಿದ್ರ ಯಾರ ಎಚ್ಚರ ಅದಾರ ಅಂತ ನನಗ ತಿಳಿಯಂಗಿಲ್ಲೇನು?"

"ಅಪ್ಪನೂ...?"

"ಅದು ಅಂವಂದು. ನಾ ನಿಂದ ಕೇಳಾಕತ್ತೀನಿ." ಅವಳ ಧ್ವನಿಯಲ್ಲಿ ಸಿಟ್ಟಿತ್ತು, ನನಗೆ ಅವಳಿಂದಲೇ ಬಂದ ಸಿಟ್ಟು. "ಆ ಮಶೀನಿನಿಂದ ನಿನ್ನ ಹೊರಗ ತಗದಾಗ ನಿನ್ನ ಮಾರಿ ನೋಡಿದ್ನಿ. ಎಚ್ಚರ ಇಟ್ರ ಈ ಹುಡುಗ ಸಾಯತಾನ ಅನಿಸ್ತು. ನಿಮ್ಮ ಕಾಕಾ ನನ್ನ ಮಾತ ಕೇಳಂಗಿಲ್ಲ, ನಿನ್ನ ಮಾತೂ ಕೇಳಂಗಿಲ್ಲ. ಅಂವ ಕೇಳೂದು ಕಂಬಳಿ ಮ್ಯಾಗಿನ ಮಾತ ಒಂದ. ಅದಕ್ಕ ನಿನ್ನ ಕೂಡ್ಸಿದ್ನಿ. ನಿನಗ ಏನ ಬೇಕು ಅದನ್ನ ಹೇಳಕೋಲಿ ಅಂತ ಕೂಡ್ಸಿದ್ನಿ. ನೀ ನೋಡಿದ್ರ..."

ಬಾಗಿಲು ತೆರೆದು ಹಿಡಿದು ನಿಂತಿದ್ದವಳ ಮೇಲೆ ನಾನು ಕೂಗಾಡಿದ್ದೆ, ಆಮೇಲೆ ಒಳಗಿನಿಂದ ನಾನೇ ಚಿಲಕ ಹಾಕಿಕೊಂಡಿದ್ದೆ. ಬದುವಿನವನ ಮುಖ ನೋಡಿ ಹಾಗೆ ಹೇಳಿದೆ ಎಂದು ವಿವರಿಸಬಹುದಿತ್ತು. ವಿವರಿಸಲಿಲ್ಲ. ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು.

"ಭಾಳ ಅಂಜಿಕಿ ಬಂತೇನೋ ಯಪ್ಪಾ, ಒಳಗ?"

"ಭಾಳ ಬಂತವ್ವಾ" ಎಂದೆ. "ಚೀರಿಕೊಂಡೆ. ಡಾಕ್ಟರ ಕಾಲಿಗಿ ಬೀಳತೀನಿ ಅಂದೆ. ಇನ್ನ ನಾ ಕಂಬಳಿ ಮ್ಯಾಲ ಕೂಡಂಗಿಲ್ಲ."

ಅವ್ವ ಉತ್ತರ ಕೊಡುವ ಮೊದಲೇ ಕಾಕಾ ಮತ್ತು ಊರಿನವರು ಒಳಗೆ ಬಂದರು. ಬದುವಿನ ಜಗಳದವನು ನನ್ನ ತೊಯ್ದ ಮುಖ ನೋಡಿ ಕಂಗಾಲಾಗಿ ಬಾಗಿಲಲ್ಲೇ ನಿಂತ. ಅವ್ವ ಸೆರಗಿನಿಂದ ನನ್ನ ಕಣ್ಣು, ಕಿವಿ, ಕೆನ್ನೆ ಒತ್ತಿ ಒರೆಸಿ, ಅವನತ್ತ ತಿರುಗಿದಳು.

"ಬಾ ತಮ್ಮಾ, ಒಳಗ ಬಾ" ಎಂದಳು. "ನನ್ನ ಮಗ ಒಂಚೂರೂ ಅಂಜಿಲ್ಲಂತ."